ಗುಲಾಮ ತಾಯಿಯ ವಿರುದ್ಧ ವಾದಿಸಿ ಗೆದ್ದ ವಕೀಲರೇ ಸಮಾನತೆಯ ತಿದ್ದುಪಡಿಯನ್ನು ಮಂಡಿಸಿದ್ದು ಹೇಗೆ?

ಪ್ರಶ್ನೆ: ನಾನು ಕಾನೂನು ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಸಂವಿಧಾನದ 14ನೇ ವಿಧಿಯ ಮೂಲದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅಮೆರಿಕದ ಹದಿನಾಲ್ಕನೇ ತಿದ್ದುಪಡಿಯ ಬಗ್ಗೆ ಓದುವಾಗ ಥಡಿಯಸ್ ಸ್ಟೀವನ್ಸ್ ಎಂಬ ವಕೀಲ ಮತ್ತು ರಾಜಕಾರಣಿಯ ಹೆಸರು ಮತ್ತೆ ಮತ್ತೆ ಬಂತು. ಗುಲಾಮಗಿರಿಯ ಕಡುವಿರೋಧಿ ಎಂದು ಒಂದು ಕಡೆ ಓದಿದೆ. 1821ರಲ್ಲಿ ಗುಲಾಮರ ಒಡೆಯನ ಪರ ವಾದಿಸಿ ಒಬ್ಬ ತಾಯಿ ಮತ್ತು ಮಕ್ಕಳು ಮತ್ತೆ ಗುಲಾಮಗಿರಿಗೆ ಹೋಗುವಂತೆ ಮಾಡಿದರು ಎಂದು ಇನ್ನೊಂದು ಕಡೆ ಓದಿದೆ. ಇವುಗಳಲ್ಲಿ ಯಾವುದು ನಿಜ? ಆ ತಿದ್ದುಪಡಿಯನ್ನು ಬರೆದವರು ಇವರೇನಾ? ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೇಲೆ ಇವರು ತಂದ ಮಹಾಭಿಯೋಗ ಬರೀ ದ್ವೇಷದ ಫಲವೇ?

ಉತ್ತರ: ನೀವು ಓದಿದ ಎರಡೂ ಸಂಗತಿಗಳು ನಿಜ, ಒಂದನ್ನು ಒಪ್ಪಲು ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ. ಸ್ಟೀವನ್ಸ್ ಅವರನ್ನು ಮಹಾತ್ಮರೆಂದು ಬಣ್ಣಿಸುವವರು 1821ರ ಮೊಕದ್ದಮೆಯನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ, ಸೇಡಿನ ರಾಜಕಾರಣಿಯೆಂದು ಹಳಿಯುವವರು ಅದೊಂದನ್ನೇ ಎತ್ತಿ ಆಡುತ್ತಾರೆ. ನನ್ನ ದೃಷ್ಟಿಯಲ್ಲಿ ಅವರನ್ನು ಅರ್ಥಮಾಡಿಕೊಳ್ಳಲು ಹಿಡಿಯಬೇಕಾದ ಎಳೆಯೇ ಬೇರೆ. ಅವರು ಸಾಯುವವರೆಗೂ ವಕೀಲರಾಗಿಯೇ ಉಳಿದರು. ಶಾಸನದಲ್ಲಿ ಒಂದು ಪದ ಇದ್ದರೆ ಯಾರಿಗೆ ಏನು ಸಿಗುತ್ತದೆ, ಇಲ್ಲದಿದ್ದರೆ ಯಾರ ಪಾಲಿಗೆ ಏನು ತಪ್ಪುತ್ತದೆ ಎಂಬ ವಕೀಲಿ ಲೆಕ್ಕಾಚಾರವನ್ನು ಬದಿಗಿಟ್ಟರೆ ಅವರ ರಾಜಕೀಯದಲ್ಲಿ ಉಳಿಯುವುದು ಬೈಗುಳ ಮಾತ್ರ. ಬೈಗುಳದಲ್ಲೂ ಅವರು ಯಾರಿಗೂ ಕಡಿಮೆಯಿರಲಿಲ್ಲ ಎನ್ನುವುದನ್ನೂ ಹೇಳಬೇಕು.

ಮೊದಲು ಅವರ ಆರಂಭದ ದಿನಗಳು. 1792ರ ಏಪ್ರಿಲ್ 4ರಂದು ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್ ಎಂಬ ಊರಿನ ಬಡ ಕುಟುಂಬದಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಒಂದು ಪಾದ ತಿರುಚಿಕೊಂಡಿದ್ದರಿಂದ ಜೀವನವಿಡೀ ಕುಂಟುತ್ತ ನಡೆದರು. ತಂದೆ ಸಂಸಾರವನ್ನು ಬಿಟ್ಟು ಹೋದ ಮೇಲೆ ತಾಯಿ ಸ್ಯಾಲಿ ನಾಲ್ವರು ಗಂಡುಮಕ್ಕಳನ್ನು ಸಾಕಿದರು. ಈ ಮಗನಿಗೆ ಶಾಲೆ ತಪ್ಪಬಾರದೆಂದು ಪೀಚಮ್ ಎಂಬ ಪಕ್ಕದ ಊರಿಗೆ ಮನೆಯನ್ನೇ ಸಾಗಿಸಿದರು. ವರ್ಮಾಂಟ್ 1777ರ ತನ್ನ ಮೊದಲ ಸಂವಿಧಾನದಲ್ಲೇ ವಯಸ್ಕರ ಗುಲಾಮಗಿರಿಯನ್ನು ನಿಷೇಧಿಸಿದ ನಾಡು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಸ್ಟೀವನ್ಸ್ 1814ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಪದವಿ ಪಡೆದು, ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣದಲ್ಲಿ ಮೇಷ್ಟರಾಗಿ ದುಡಿಯುತ್ತಲೇ ಕಾನೂನು ಓದಿದರು. ಬೇರೆ ಕಸುಬು ಮಾಡುತ್ತ ಕಾನೂನು ಕಲಿತವರಿಗೆ ಸನ್ನದು ಇಲ್ಲವೆಂದು ಅಲ್ಲಿನ ವಕೀಲರು ಕೊಕ್ಕೆ ಹಾಕಿದಾಗ, ಅವರು ಗಡಿ ದಾಟಿ ಮೇರಿಲ್ಯಾಂಡಿನ ಬೆಲ್ ಏರ್ ಎಂಬಲ್ಲಿಗೆ ಹೋಗಿ 1816ರಲ್ಲಿ ಪರೀಕ್ಷೆ ಕೊಟ್ಟು ಸನ್ನದು ತಂದರು. ನ್ಯಾಯಾಧೀಶರಿಗೆ ಮದಿರಾ ವೈನಿನ ಬಾಟಲಿಗಳನ್ನು ತರಿಸಿಕೊಡುವುದೇ ಆ ಪರೀಕ್ಷೆಯ ಮುಖ್ಯ ಭಾಗವಾಗಿತ್ತು ಎಂಬ ಕಥೆ ಪ್ರಚಾರದಲ್ಲಿದೆ. ಅದೇ ವರ್ಷ ಮೇರಿಲ್ಯಾಂಡ್ ಗಡಿಯಿಂದ ಕೆಲವೇ ಮೈಲಿ ದೂರದ ಗೆಟಿಸ್‌ಬರ್ಗ್‌ನಲ್ಲಿ ಕಚೇರಿ ತೆರೆದರು. ಮೊದಲು ಕಕ್ಷಿದಾರರೇ ಇರಲಿಲ್ಲ. ಒಂದು ಕೊಲೆ ಮೊಕದ್ದಮೆಯಲ್ಲಿ ಆರೋಪಿಗೆ ಬುದ್ಧಿಭ್ರಮಣೆಯಾಗಿತ್ತು ಎಂಬ, ಆ ಕಾಲಕ್ಕೆ ಅಪರೂಪವಾದ ವಾದವನ್ನು ಹೂಡಿ ಸೋತರೂ, ಆ ವಾದದ ಚಾತುರ್ಯದಿಂದಲೇ ಅವರ ಹೆಸರು ಜಿಲ್ಲೆಯೆಲ್ಲ ಹರಡಿತು.

ಈಗ ನೀವು ಕೇಳಿದ 1821ರ ಮೊಕದ್ದಮೆ. ಪೆನ್ಸಿಲ್ವೇನಿಯಾ 1780ರಲ್ಲೇ ಗುಲಾಮಗಿರಿಯನ್ನು ಹಂತಹಂತವಾಗಿ ರದ್ದುಪಡಿಸುವ ಕಾಯಿದೆ ಮಾಡಿತ್ತು. ಹೊರರಾಜ್ಯದಿಂದ ತಾತ್ಕಾಲಿಕವಾಗಿ ಬಂದ ಒಡೆಯ ತನ್ನ ಗುಲಾಮರನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಇರಿಸಿಕೊಂಡರೆ ಅವರು ಸ್ವತಂತ್ರರಾಗುತ್ತಾರೆ ಎಂಬ ನಿಯಮ ಆ ಕಾಯಿದೆಯಲ್ಲಿತ್ತು. ಚಾರಿಟಿ ಬಟ್ಲರ್ ಎಂಬಾಕೆ ಮೇರಿಲ್ಯಾಂಡಿನ ಗುಲಾಮಳು. ಒಡೆಯರ ಕಡೆಯವರ ಜೊತೆ ಆಗಾಗ ಗಡಿ ದಾಟಿ ಬಂದು ಪೆನ್ಸಿಲ್ವೇನಿಯಾದಲ್ಲಿ ಉಳಿದು ಹೋಗುತ್ತಿದ್ದಳು. ಆ ಬಿಡಿ ಬಿಡಿ ವಾಸದ ದಿನಗಳನ್ನೆಲ್ಲ ಕೂಡಿದರೆ ಆರು ತಿಂಗಳು ಮೀರುತ್ತದೆ, ಆದ್ದರಿಂದ ತಾನೂ ತನ್ನ ಮಕ್ಕಳೂ ಸ್ವತಂತ್ರರು ಎಂಬುದು ಆಕೆಯ ವಾದ. ಹಕ್ಕು ಸಾಧಿಸಲು ಬಂದ ಡೆಲಪ್ಲೇನ್ ಎಂಬವನ ಪರ ನಿಂತ ಸ್ಟೀವನ್ಸ್, ಕಾಯಿದೆಯ ಆರು ತಿಂಗಳು ಎಂದರೆ ಎಡೆಬಿಡದ ಆರು ತಿಂಗಳು, ತುಂಡು ತುಂಡಾಗಿ ಕೂಡಿ ಹಾಕುವ ಅವಧಿಯಲ್ಲ ಎಂದು ವಾದಿಸಿದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿ ಹಿಡಿಯಿತು. ಆ ತಾಯಿ ಮತ್ತು ಮಕ್ಕಳು ಮತ್ತೆ ಗುಲಾಮರಾದರು.

ಈ ವಾದದಲ್ಲಿ ತಾಂತ್ರಿಕವಾಗಿ ತಪ್ಪಿರಲಿಲ್ಲ ಎನ್ನಬಹುದು. ವಕೀಲನಾದವನು ಬಂದ ಕಕ್ಷಿದಾರನನ್ನು ತಿರಸ್ಕರಿಸುವ ಹಾಗಿಲ್ಲ ಎಂದೂ ಸಮರ್ಥಿಸಬಹುದು. ಅಂಥ ಸಮರ್ಥನೆ ನನಗೆ ಒಪ್ಪಿಗೆಯಲ್ಲ. ಅನುಮಾನವಿರುವ ಕಡೆ ಸ್ವಾತಂತ್ರ್ಯದ ಪರವಾಗಿ ಕಾಯಿದೆಯನ್ನು ಓದಲು ಅಲ್ಲಿ ಅವಕಾಶವಿತ್ತು, ಆ ಅವಕಾಶವನ್ನು ಮುಚ್ಚಿಸಿದವರು ಸ್ಟೀವನ್ಸ್. ಅದರ ಬಗ್ಗೆ ಅವರು ಪಶ್ಚಾತ್ತಾಪ ಪಟ್ಟರೆಂದು ಭಾವುಕವಾಗಿ ಬರೆಯುವವರಿದ್ದಾರೆ. ನೀವು ಹಾಗೆ ಬರೆಯಬೇಡಿ. ಬರೆಯಬಹುದಾದ ಸಂಗತಿ ಇಷ್ಟು: ಎರಡು ವರ್ಷಗಳ ನಂತರ, 1823ರ ಜುಲೈ 4ರ ಸ್ವಾತಂತ್ರ್ಯ ದಿನದ ಔತಣದಲ್ಲಿ, ಗುಲಾಮನ ಕಾಲಿಗೆ ಎಂದೂ ಬೇಡಿ ಜಡಿಯದ ಸ್ವತಂತ್ರ ಮನುಷ್ಯನೇ ದೇಶದ ಮುಂದಿನ ಅಧ್ಯಕ್ಷನಾಗಲಿ ಎಂದು ಅವರು ಬಹಿರಂಗವಾಗಿ ಹಾರೈಸಿದರು. ಆ ಹೊತ್ತಿಗೆ ಅಧ್ಯಕ್ಷರಾಗಿದ್ದ ಐವರಲ್ಲಿ ನಾಲ್ವರು ವರ್ಜೀನಿಯಾದ ಗುಲಾಮರ ಒಡೆಯರಾಗಿದ್ದರೆಂಬುದನ್ನು ನೆನೆದರೆ ಆ ಹಾರೈಕೆಯ ಮೊನಚು ತಿಳಿಯುತ್ತದೆ. ಆಮೇಲಿನ ವರ್ಷಗಳಲ್ಲಿ ಗಡಿ ದಾಟಿ ಓಡಿಬಂದವರ ಪರವಾಗಿ ನಿಲ್ಲುವುದು ಅವರ ವಾಡಿಕೆಯಾಯಿತು.

ರಾಜಕೀಯಕ್ಕೆ ಅವರು ಬಂದ ದಾರಿ ಅಷ್ಟೇನೂ ಘನವಾದದ್ದಲ್ಲ. 1826ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ವಿಲಿಯಂ ಮಾರ್ಗನ್ ಎಂಬಾತ ಫ್ರೀಮೇಸನ್ ಎಂಬ ರಹಸ್ಯ ಸಂಘದ ಗುಟ್ಟುಗಳನ್ನು ಬಯಲುಮಾಡುತ್ತೇನೆಂದು ಹೊರಟು ಕಾಣೆಯಾದ ಮೇಲೆ ಆ ಸಂಘದ ವಿರುದ್ಧ ಎದ್ದ ಪಕ್ಷವನ್ನು ಸೇರಿ, 1833ರಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆಗೆ ಆಯ್ಕೆಯಾದರು. ಮೇಸನ್‌ಗಳ ಮೇಲೆ ಅವರು ನಡೆಸಿದ ವಿಚಾರಣೆ ನಗೆಪಾಟಲಾಯಿತು. 1838ರ ಕೊನೆಯಲ್ಲಿ ಚುನಾವಣಾ ಫಲಿತಾಂಶದ ಜಗಳ ಹ್ಯಾರಿಸ್‌ಬರ್ಗ್‌ನಲ್ಲಿ ದೊಂಬಿಯಾಗಿ ತಿರುಗಿದಾಗ ಸೆನೆಟ್ ಭವನದ ಹಿಂದಿನ ಕಿಟಕಿಯಿಂದ ಹಾರಿ ಪಾರಾಗಬೇಕಾಯಿತು.

ಆದರೆ ಈ ಗದ್ದಲದ ನಡುವೆ ಅವರು ಮಾಡಿದ ಒಂದು ಕೆಲಸವನ್ನು ಪೆನ್ಸಿಲ್ವೇನಿಯಾ ಇಂದಿಗೂ ನೆನೆಯುತ್ತದೆ. 1834ರಲ್ಲಿ ಎಲ್ಲ ಮಕ್ಕಳಿಗೂ ತೆರಿಗೆಯ ಹಣದಿಂದ ಉಚಿತ ಶಾಲೆ ಎಂಬ ಕಾಯಿದೆ ಬಂತು. ತೆರಿಗೆ ಹೆಚ್ಚಿತೆಂದು ಸಿಟ್ಟಾದ ಮತದಾರರು ಅದನ್ನು ರದ್ದುಮಾಡಲೆಂದೇ ಮುಂದಿನ ಸಭೆಗೆ ಸದಸ್ಯರನ್ನು ಆರಿಸಿ ಕಳಿಸಿದರು, ಸೆನೆಟ್ ರದ್ದತಿಯ ಪರ ಮತ ಹಾಕಿಯೂ ಆಗಿತ್ತು. ರದ್ದಾದರೆ ಮರಳಿ ಬರುತ್ತಿದ್ದದ್ದು 1809ರ ಪದ್ಧತಿ: ಫೀಸು ಕೊಡಲಾರದ ತಂದೆತಾಯಿಗಳು ತಾವು ಬಡವರೆಂದು ಪಟ್ಟಿಯಲ್ಲಿ ಹೆಸರು ಬರೆಸಿದರೆ ಮಾತ್ರ ಅವರ ಮಕ್ಕಳ ಶುಲ್ಕವನ್ನು ಸರ್ಕಾರ ಭರಿಸುತ್ತಿತ್ತು. 1835ರ ಏಪ್ರಿಲ್‌ನಲ್ಲಿ ಕೆಳಮನೆಯಲ್ಲಿ ಎದ್ದು ನಿಂತ ಸ್ಟೀವನ್ಸ್, ಈ ಮಸೂದೆಯ ಹೆಸರನ್ನೇ ಬದಲಿಸಿ, ‘ಬಡವರನ್ನು ಸಿರಿವಂತರಿಂದ ಬೇರೆಯಾಗಿ ಗುರುತಿಸಲು ಅವರಿಗೆ ಮುದ್ರೆ ಒತ್ತುವ ಕಾಯಿದೆ’ ಎಂದು ಕರೆಯಬೇಕೆಂದು ಚುಚ್ಚಿದರು. ಹುಟ್ಟಿನಿಂದ ಬರುವ ಅಂತಸ್ತಿನ ಭೇದವೇ ಹೇಸಿಗೆ, ಬಡತನದ ಮೇಲೆ ನಿಲ್ಲಿಸಿದ ಭೇದ ಅದಕ್ಕಿಂತ ಹೇಸಿಗೆ ಎಂಬುದು ಅವರ ಮಾತಿನ ತಿರುಳು. ರದ್ದುಪಡಿಸಲು ಬಂದಿದ್ದ ಸಭೆ ಕಾಯಿದೆಯನ್ನು ಉಳಿಸಿತು. ಸದನದಲ್ಲಿ ಒಂದೇ ಭಾಷಣ ಮತಗಳನ್ನು ತಿರುಗಿಸಿದ ಉದಾಹರಣೆಗಳು ಎಲ್ಲ ದೇಶಗಳಲ್ಲೂ ವಿರಳ. ಇದು ಅಂಥ ಒಂದು.

ಎರಡು ವರ್ಷಗಳ ನಂತರ ರಾಜ್ಯದ ಸಂವಿಧಾನವನ್ನು ಪರಿಷ್ಕರಿಸಲು ಸೇರಿದ ಸಮಾವೇಶದಲ್ಲಿ ಅವರೂ ಸದಸ್ಯರಾಗಿದ್ದರು. 1838ರಲ್ಲಿ ಸಿದ್ಧವಾದ ಕರಡು ಮತದಾರನ ಅರ್ಹತೆಯಲ್ಲಿ ‘ಬಿಳಿಯ’ ಎಂಬ ಒಂದು ಪದವನ್ನು ಸೇರಿಸಿ, ಅಲ್ಲಿಯವರೆಗೆ ಮತ ಹಾಕಲು ಅವಕಾಶವಿದ್ದ ಕಪ್ಪುಜನರ ಹಕ್ಕನ್ನು ಕಿತ್ತುಕೊಂಡಿತು. ಸ್ಟೀವನ್ಸ್ ಆ ದಾಖಲೆಗೆ ಸಹಿ ಹಾಕಲಿಲ್ಲ. ಹದಿನೇಳು ವರ್ಷ ಹಿಂದೆ ‘ಆರು ತಿಂಗಳು’ ಎಂಬ ಮಾತಿನ ವ್ಯಾಖ್ಯಾನದಿಂದ ಗೆದ್ದಿದ್ದ ವಕೀಲರು ಈಗ ಒಂದೇ ಪದಕ್ಕಾಗಿ ಇಡೀ ಸಂವಿಧಾನದಿಂದ ದೂರ ನಿಂತರು. ನಿಮ್ಮ ಮೊದಲ ಪ್ರಶ್ನೆಗೆ ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಸರಿಯಾದ ಉತ್ತರ ಎಂದು ನನಗನಿಸುತ್ತದೆ.

1842ರಲ್ಲಿ ಅವರು ಲ್ಯಾಂಕಾಸ್ಟರ್ ಪಟ್ಟಣಕ್ಕೆ ಬಂದರು. ಕಾರಣ ಆದರ್ಶವಲ್ಲ, ಸಾಲ. ಕ್ಯಾಲೆಡೋನಿಯಾ ಎಂಬಲ್ಲಿ ಅವರು ನಡೆಸುತ್ತಿದ್ದ ಕಬ್ಬಿಣದ ಕುಲುಮೆ ಅವರನ್ನು ಸುಮಾರು ಎರಡು ಲಕ್ಷ ಡಾಲರ್ ಸಾಲಕ್ಕೆ ನೂಕಿತ್ತು. ದೊಡ್ಡ ಪಟ್ಟಣದಲ್ಲಿ ವಕೀಲಿ ಮಾಡಿ ಅದನ್ನು ತೀರಿಸುವ ಉದ್ದೇಶದಿಂದ ಬಂದವರು ವರ್ಷಗಳ ಕಾಲ ದುಡಿದು ತೀರಿಸಿದರು. ಅವರ ಮನೆಯ ಉಸ್ತುವಾರಿಗೆ ಬಂದ ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಎಂಬ ಮಿಶ್ರ ವರ್ಣದ ವಿಧವೆ ಎರಡು ದಶಕ ಅಲ್ಲಿಯೇ ಇದ್ದರು. ಸ್ಟೀವನ್ಸ್ ಮದುವೆಯಾಗಿರಲಿಲ್ಲ, ಹಾಗಾಗಿ ವಿರೋಧಿ ಪತ್ರಿಕೆಗಳು ಬಾಯಿಗೆ ಬಂದಂತೆ ಬರೆದವು. ಆಕೆಯನ್ನು ಅತಿಥಿಗಳು ‘ಮಿಸೆಸ್ ಸ್ಮಿತ್’ ಎಂದು ಗೌರವದಿಂದಲೇ ಕರೆಯಬೇಕಿತ್ತು. ಕಪ್ಪು ಹೆಂಗಸರನ್ನು ಬರೀ ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. 2000ದ ದಶಕದ ಆರಂಭದಲ್ಲಿ ಆ ಮನೆಯ ಆವರಣವನ್ನು ಅಗೆದಾಗ ಸಿಕ್ಕ ನೀರಿನ ತೊಟ್ಟಿಯೊಂದನ್ನು ಓಡಿಬಂದ ಗುಲಾಮರ ಅಡಗುತಾಣವಾಗಿ ಬಳಸಿದ್ದಿರಬಹುದೆಂದು ಪುರಾತತ್ವಜ್ಞರು ಗುರುತಿಸಿದ್ದಾರೆ.

1848ರಲ್ಲಿ ವಿಗ್ ಪಕ್ಷದಿಂದ ರಾಷ್ಟ್ರೀಯ ಪ್ರತಿನಿಧಿ ಸಭೆಗೆ ಆಯ್ಕೆಯಾದ ಸ್ಟೀವನ್ಸ್, 1850ರ ಪಲಾಯಿತ ಗುಲಾಮರ ಕಾಯಿದೆಯನ್ನು ಉಗ್ರವಾಗಿ ವಿರೋಧಿಸಿದರು. ಓಡಿಬಂದವರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳ ಸಾಮಾನ್ಯ ನಾಗರಿಕರೂ ನೆರವಾಗಬೇಕೆಂದು ಆ ಕಾಯಿದೆ ಕಡ್ಡಾಯ ಮಾಡಿತ್ತು. ಮರುವರ್ಷವೇ, 1851ರ ಸೆಪ್ಟೆಂಬರ್ 11ರಂದು, ಅವರ ಕ್ಷೇತ್ರದೊಳಗಿನ ಕ್ರಿಶ್ಚಿಯಾನಾ ಎಂಬ ಹಳ್ಳಿಯ ಬಳಿ ಅದರ ಪರೀಕ್ಷೆ ನಡೆಯಿತು. ಎಡ್ವರ್ಡ್ ಗೋರ್ಸಚ್ ಎಂಬ ಮೇರಿಲ್ಯಾಂಡಿನ ರೈತ ಸರ್ಕಾರಿ ಅಧಿಕಾರಿಯನ್ನು ಕಟ್ಟಿಕೊಂಡು ತನ್ನ ಗುಲಾಮರನ್ನು ಹಿಡಿಯಲು ವಿಲಿಯಂ ಪಾರ್ಕರ್ ಎಂಬ ಕಪ್ಪುಮನುಷ್ಯನ ಮನೆಯನ್ನು ಬೆಳಗಿನ ಜಾವ ಸುತ್ತುವರಿದ. ಒಳಗಿದ್ದವರು ತಿರುಗಿಬಿದ್ದರು, ನೆರೆಯವರು ಓಡಿಬಂದರು, ಗೋರ್ಸಚ್ ಸತ್ತ. ಪಾರ್ಕರ್ ಕೆನಡಾ ಸೇರಿಕೊಂಡ. ಸರ್ಕಾರ 38 ಜನರ ಮೇಲೆ ಕೊಲೆಯ ಆರೋಪವನ್ನಲ್ಲ, ದೇಶದ್ರೋಹದ ಆರೋಪವನ್ನು ಹೊರಿಸಿತು.

ಮೊದಲು ವಿಚಾರಣೆಗೆ ಒಳಗಾದವನು ಕ್ಯಾಸ್ಟ್ನರ್ ಹ್ಯಾನ್‌ವೇ, ಹಿಟ್ಟಿನ ಗಿರಣಿ ನಡೆಸುವ ಬಿಳಿಯ. ಗಲಾಟೆಯ ಜಾಗಕ್ಕೆ ಕುದುರೆಯೇರಿ ಬಂದು, ಗುಲಾಮರನ್ನು ಹಿಡಿಯಲು ನೆರವಾಗಲು ನಿರಾಕರಿಸಿದ್ದೇ ಅವನ ಅಪರಾಧ. ವಿಚಾರಣೆ ನಡೆದದ್ದು ಫಿಲಡೆಲ್ಫಿಯಾದಲ್ಲಿ, 1776ರ ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾದ ಅದೇ ಕಟ್ಟಡದ ಮಹಡಿಯ ಮೇಲೆ. ಅಮೆರಿಕದ ಸಂವಿಧಾನದ ಪ್ರಕಾರ ದೇಶದ್ರೋಹವೆಂದರೆ ದೇಶದ ವಿರುದ್ಧ ಯುದ್ಧ ಹೂಡುವುದು ಅಥವಾ ಅದರ ಶತ್ರುಗಳಿಗೆ ನೆರವಾಗುವುದು, ಅಷ್ಟೇ. ಸ್ಟೀವನ್ಸ್ ಮತ್ತು ಅವರ ಜೊತೆಗಾರರು ಹಿಡಿದದ್ದು ಈ ವ್ಯಾಖ್ಯಾನವನ್ನೇ. ಕೋವಿಯಿಲ್ಲದೆ ಕುದುರೆಯ ಮೇಲೆ ಬಂದ ಗಿರಣಿಯವನೊಬ್ಬ ಅಮೆರಿಕದ ಮೇಲೆ ಯುದ್ಧ ಸಾರಿದನೇ ಎಂಬ ಪ್ರಶ್ನೆಯ ಮುಂದೆ ಸರ್ಕಾರದ ಮೊಕದ್ದಮೆ ಹಾಸ್ಯಾಸ್ಪದವಾಯಿತು. ಜಾಣತನದ ಇನ್ನೊಂದು ನಡೆಯನ್ನೂ ಗಮನಿಸಿ: ಗುಲಾಮಗಿರಿಯ ವಿರೋಧಿ ಎಂದು ತಾವು ಹೆಸರಾಗಿದ್ದರಿಂದ ಜ್ಯೂರಿಯ ಮನಸ್ಸು ಕೆಡಬಾರದೆಂದು ಮುಖ್ಯ ವಾದ ಮಂಡನೆಯನ್ನು ಜಾನ್ ರೀಡ್ ಎಂಬ ಡೆಮಾಕ್ರಾಟ್ ವಕೀಲರಿಗೆ ಬಿಟ್ಟುಕೊಟ್ಟರು. ಗುಲಾಮಗಿರಿ ವಿರೋಧಿಗಳ ಬಗ್ಗೆ ಒಲವಿಲ್ಲದ ನ್ಯಾಯಮೂರ್ತಿ ಗ್ರಿಯರ್ ಅವರೇ ಇದು ದೇಶದ್ರೋಹವಾಗದು ಎಂದು ಜ್ಯೂರಿಗೆ ತಿಳಿಹೇಳಿದರು, ಕಾಲು ಗಂಟೆಯಲ್ಲಿ ಖುಲಾಸೆಯ ತೀರ್ಪು ಬಂತು. ಉಳಿದವರ ಮೇಲಿನ ಆರೋಪಗಳು ತಾವಾಗಿ ಕುಸಿದವು. ಗೆಲುವಿಗೆ ಸ್ಟೀವನ್ಸ್ ತೆತ್ತ ಬೆಲೆ ತಮ್ಮ ಸ್ಥಾನ. ಸ್ವಂತ ಪಕ್ಷದವರೇ ಮುಂದಿನ ಚುನಾವಣೆಗೆ ಅವರನ್ನು ಕೈಬಿಟ್ಟರು. ಹೊಸ ರಿಪಬ್ಲಿಕನ್ ಪಕ್ಷದ ಸದಸ್ಯರಾಗಿ 1859ರಲ್ಲಿ ಮರಳಿ ಬಂದಾಗ ಅವರಿಗೆ 67 ವರ್ಷ.

ಅಂತರ್ಯುದ್ಧದ ಕಾಲದ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ನಿಮ್ಮ ಪ್ರಶ್ನೆಗೆ ಹತ್ತಿರದ್ದಲ್ಲ. ಪ್ರತಿನಿಧಿ ಸಭೆಯ ಹಣಕಾಸು ಸಮಿತಿಯ ಅಧ್ಯಕ್ಷರಾಗಿ ಯುದ್ಧದ ಖರ್ಚಿಗೆ ಬೇಕಾದ ತೆರಿಗೆಗಳನ್ನೂ, 1862ರ ಕಾಗದದ ನೋಟುಗಳ ಕಾಯಿದೆಯನ್ನೂ ಸದನದಲ್ಲಿ ದಾಟಿಸಿದವರು ಅವರು. 1863ರ ಜೂನ್‌ನಲ್ಲಿ, ಗೆಟಿಸ್‌ಬರ್ಗ್ ಕದನಕ್ಕೆ ಕೆಲವು ದಿನ ಮುಂಚೆ, ದಕ್ಷಿಣದ ದಂಡನಾಯಕ ಜೂಬಲ್ ಅರ್ಲಿ ಅವರ ಕಬ್ಬಿಣದ ಕುಲುಮೆಯನ್ನು ಸುಡಿಸಿದ. ಗುಲಾಮಗಿರಿಯ ಕುರುಹೂ ಉಳಿಯದೆ ದೇಶ ಒಂದಾಗುವುದಾದರೆ ಇದು ಅಗ್ಗದ ಬೆಲೆ ಎಂದು ಸ್ಟೀವನ್ಸ್ ಪತ್ರದಲ್ಲಿ ಬರೆದರು.

ಇನ್ನು ತಿದ್ದುಪಡಿಯ ವಿಚಾರ. 1865ರಲ್ಲಿ ಹದಿಮೂರನೇ ತಿದ್ದುಪಡಿಯಿಂದ ಗುಲಾಮಗಿರಿ ಅಳಿಯಿತು, ಆದರೆ ಅದರಿಂದ ಒಂದು ಕಾನೂನಿನ ತೊಡಕು ಎದ್ದಿತು. ಮೂಲ ಸಂವಿಧಾನ ಸಂಸತ್ತಿನ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುತ್ತಿತ್ತು. ಈಗ ಅವರೆಲ್ಲ ಸ್ವತಂತ್ರರಾದ್ದರಿಂದ ಪೂರ್ತಿ ಎಣಿಕೆಗೆ ಬರುತ್ತಾರೆ. ದಕ್ಷಿಣದ ರಾಜ್ಯಗಳು ಅವರಿಗೆ ಮತದ ಹಕ್ಕು ಕೊಡದೆಯೇ ಅವರ ತಲೆಯೆಣಿಕೆಯಿಂದ ಮೊದಲಿಗಿಂತ ಹೆಚ್ಚು ಸ್ಥಾನ ಗಳಿಸುತ್ತವೆ. ಅಂದರೆ ಯುದ್ಧದಲ್ಲಿ ಸೋತವರು ಸದನದಲ್ಲಿ ಬಲಗೊಂಡು ಮರಳುತ್ತಾರೆ. ಇದನ್ನು ತಡೆಯಲು ಸ್ಟೀವನ್ಸ್ ಮೊದಲು ಬಳಸಿದ್ದು ಹಾಜರಿ ಪಟ್ಟಿಯನ್ನು. 1865ರ ಡಿಸೆಂಬರ್ 4ರಂದು ಸದನ ಸೇರಿದಾಗ, ಅವರ ಊರಿನ ಕಡೆಯವರೇ ಆದ ಗುಮಾಸ್ತ ಎಡ್ವರ್ಡ್ ಮೆಕ್‌ಫರ್ಸನ್ ಸದಸ್ಯರ ಹೆಸರು ಕೂಗುತ್ತ ಹೋಗಿ ದಕ್ಷಿಣದಿಂದ ಆಯ್ಕೆಯಾಗಿ ಬಂದಿದ್ದವರ ಹೆಸರುಗಳನ್ನು ಬಿಟ್ಟುಬಿಟ್ಟರು. ಯುದ್ಧದುದ್ದಕ್ಕೂ ಒಕ್ಕೂಟಕ್ಕೆ ನಿಷ್ಠರಾಗಿದ್ದ ಟೆನೆಸ್ಸೀಯ ಹೊರೇಸ್ ಮೇನಾರ್ಡ್ ಎದ್ದು ಪ್ರಶ್ನಿಸಲು ಹೋದಾಗ, ಹೆಸರು ಕೂಗುವಾಗ ನಡುವೆ ಮಾತಿಗೆ ಅವಕಾಶವಿಲ್ಲ ಎಂದು ಅವರನ್ನು ಕೂರಿಸಲಾಯಿತು. ಕೂಗದ ಹೆಸರಿನವರು ಸದಸ್ಯರಲ್ಲ, ಸದಸ್ಯರಲ್ಲದವರು ಆಕ್ಷೇಪಿಸುವಂತಿಲ್ಲ. ಸದಸ್ಯರ ಅರ್ಹತೆಯನ್ನು ಆಯಾ ಸದನವೇ ತೀರ್ಮಾನಿಸುತ್ತದೆ ಎಂಬ ಸಂವಿಧಾನದ ಮಾತನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಳಸಿಕೊಂಡದ್ದು ಅದೇ ಮೊದಲು ಎನ್ನಬೇಕು. ಆಮೇಲೆ ಒಂಬತ್ತು ಪ್ರತಿನಿಧಿಗಳು ಮತ್ತು ಆರು ಸೆನೆಟರುಗಳ ಜಂಟಿ ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರು ಸೆನೆಟರ್ ಫೆಸೆಂಡೆನ್. ಪ್ರತಿನಿಧಿ ಸಭೆಯ ಕಡೆಯ ನಾಯಕರು ಸ್ಟೀವನ್ಸ್.

ಕರಡನ್ನು ಬರೆದವರು ಅವರೇನಾ ಎಂದು ಕೇಳಿದ್ದೀರಿ. ನಿಮಗೆ ಬೇಕಾದ ಒಂದನೇ ಭಾಗ, ಅಂದರೆ ‘ಕಾನೂನುಗಳ ಸಮಾನ ರಕ್ಷಣೆ’ ಎಂಬ ಮಾತಿರುವ ಭಾಗ, ಮುಖ್ಯವಾಗಿ ಒಹಾಯೋದ ಜಾನ್ ಬಿಂಗ್‌ಹ್ಯಾಮ್ ಎಂಬ ಮತ್ತೊಬ್ಬ ವಕೀಲರ ರಚನೆ. ಸ್ಟೀವನ್ಸ್ ಮೊದಲು ಸಮಿತಿಗೆ ತಂದದ್ದು ರಾಬರ್ಟ್ ಡೇಲ್ ಓವನ್ ಸಿದ್ಧಪಡಿಸಿದ್ದ ಬೇರೊಂದು ಕರಡು. 1876ರ ಜುಲೈ 4ರ ನಂತರ ಬಣ್ಣದ ಕಾರಣಕ್ಕೆ ಯಾರಿಗೂ ಮತದಾನ ನಿರಾಕರಿಸುವಂತಿಲ್ಲ ಎಂಬ ಮಾತು ಅದರಲ್ಲಿತ್ತು. ಫೆಸೆಂಡೆನ್ ಸಿಡುಬಿನಂಥ ಜ್ವರದಲ್ಲಿ ಮಲಗಿದ್ದರಿಂದ ಅವರ ಮೇಲಿನ ಗೌರವಕ್ಕಾಗಿ ಸಮಿತಿ ಕೆಲವು ದಿನ ಕಾದಿತು. ಅಷ್ಟರಲ್ಲಿ ಸುದ್ದಿ ಹೊರಬಿದ್ದು, ನ್ಯೂಯಾರ್ಕ್, ಇಲಿನಾಯ್, ಇಂಡಿಯಾನಾ ರಾಜ್ಯಗಳ ಪಕ್ಷದ ಸದಸ್ಯರು ಕಪ್ಪುಜನರ ಮತದಾನದ ಹೆಸರು ಹೇಳಿಕೊಂಡು ಚುನಾವಣೆಗೆ ಹೋಗಲಾರೆವೆಂದು ಹಿಂಜರಿದರು. ಹೀಗೆ ಒಬ್ಬರ ಕಾಯಿಲೆಯೂ ಹಲವರ ಅಂಜಿಕೆಯೂ ಸೇರಿ, ಮತದ ಹಕ್ಕು ತಿದ್ದುಪಡಿಯಿಂದ ಜಾರಿಹೋಯಿತು. ಮತ ನಿರಾಕರಿಸುವ ರಾಜ್ಯದ ಸ್ಥಾನಗಳು ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ ಎಂಬ ಎರಡನೇ ಭಾಗ ಮಾತ್ರ ಉಳಿಯಿತು.

1866ರ ಮೇ 8ರಂದು ಅದನ್ನು ಸದನದಲ್ಲಿ ಮಂಡಿಸುತ್ತ ಸ್ಟೀವನ್ಸ್ ಕೊಟ್ಟ ವಿವರಣೆ ನಿಮ್ಮ ಪ್ರಬಂಧಕ್ಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅದುವರೆಗೆ ಹಕ್ಕುಗಳ ವಿಷಯದಲ್ಲಿ ಸಂವಿಧಾನ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕೈಯನ್ನು ಕಟ್ಟುತ್ತಿತ್ತೇ ಹೊರತು ರಾಜ್ಯಗಳ ಕೈಯನ್ನಲ್ಲ, ಈ ತಿದ್ದುಪಡಿ ಆ ಕೊರತೆಯನ್ನು ತುಂಬುತ್ತದೆ ಎಂದರು. ಬಿಳಿಯನಿಗೆ ಒಂದು ಅಪರಾಧಕ್ಕೆ ಯಾವ ಶಿಕ್ಷೆಯೋ ಕಪ್ಪುಮನುಷ್ಯನಿಗೂ ಅದೇ ಶಿಕ್ಷೆ, ಅದೇ ಪ್ರಮಾಣದಲ್ಲಿ. ಬಿಳಿಯನಿಗೆ ಯಾವ ಪರಿಹಾರವೋ ಅವನಿಗೂ ಅದೇ. ಸಮಾನತೆಯ ತತ್ವವನ್ನು ಹೀಗೆ ಶಿಕ್ಷೆ, ಸಾಕ್ಷ್ಯ, ಪರಿಹಾರ ಎಂಬ ಕೋರ್ಟಿನ ದಿನನಿತ್ಯದ ಮಾತಿಗೆ ಇಳಿಸಿದ್ದು ವಕೀಲನ ಕೆಲಸ.

ಜೂನ್ 13ರಂದು ಸೆನೆಟ್‌ನಿಂದ ತಿದ್ದಿಸಿಕೊಂಡು ಮರಳಿದ ಪಠ್ಯವನ್ನು ಅಂತಿಮವಾಗಿ ಮತಕ್ಕೆ ಹಾಕುವ ಮುನ್ನ ಅವರು ಆಡಿದ ಮಾತು ಇನ್ನೂ ಬೇರೆ ಬಗೆಯದು. ಎಂದಾದರೂ ಒಂದು ದಿನ ಈ ಗಣರಾಜ್ಯದ ಸಂಸ್ಥೆಗಳನ್ನೆಲ್ಲ ಅಸಮಾನತೆಯ ಕಳಂಕವಿಲ್ಲದಂತೆ ಹೊಸದಾಗಿ ಕಟ್ಟಬಹುದೆಂದು ಯೌವನದಿಂದ ಮುಪ್ಪಿನವರೆಗೆ ಕನಸು ಕಂಡಿದ್ದೆ, ಆ ಕನಸು ಕರಗಿತು, ಹಳೆಯ ಕಟ್ಟಡದ ತೀರ ಕೆಟ್ಟ ಭಾಗಗಳಿಗೆ ತೇಪೆ ಹಚ್ಚುವುದರಲ್ಲೇ ತೃಪ್ತಿಪಡಬೇಕಾಗಿದೆ ಎಂದರು. ಇಷ್ಟು ಅಪೂರ್ಣವಾದದ್ದನ್ನು ಏಕೆ ಒಪ್ಪುತ್ತೀರಿ ಎಂದು ತಮಗೆ ತಾವೇ ಪ್ರಶ್ನೆ ಹಾಕಿಕೊಂಡು, ‘ನಾನು ಬದುಕುತ್ತಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ’ ಎಂದು ಉತ್ತರಿಸಿದರು. ಹಟಮಾರಿ, ಉಗ್ರಗಾಮಿ ಎಂದು ಹೆಸರಾದ ಮನುಷ್ಯ ಹೀಗೆ ರಾಜಿಗೆ ಒಪ್ಪಿದ್ದನ್ನು ಅವರ ವಿರೋಧಿಗಳು ಉಲ್ಲೇಖಿಸುವುದೇ ಇಲ್ಲ. 120ಕ್ಕೆ 32 ಮತಗಳಿಂದ ಸದನ ಅದನ್ನು ಅಂಗೀಕರಿಸಿತು. ಸಾಕಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕು ಅದು ಜಾರಿಗೆ ಬಂದದ್ದು 1868ರ ಜುಲೈನಲ್ಲಿ.

ರಾಜಿಗೆ ಯಾರನ್ನೂ ಒಪ್ಪಿಸಲಾಗದೆ ಅವರು ಸೋತದ್ದು ಭೂಮಿಯ ವಿಷಯದಲ್ಲಿ. 1865ರ ಸೆಪ್ಟೆಂಬರ್‌ನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಮಾತನಾಡುತ್ತ, ದಕ್ಷಿಣದ ಸುಮಾರು 70,000 ದೊಡ್ಡ ಜಮೀನ್ದಾರರ ಕೈಯಲ್ಲಿರುವ 39.4 ಕೋಟಿ ಎಕರೆಯನ್ನು ಜಪ್ತಿ ಮಾಡಿ, ಬಿಡುಗಡೆಯಾದ ಪ್ರತಿ ವಯಸ್ಕ ಗಂಡಸಿಗೆ 40 ಎಕರೆ ಕೊಡಬೇಕೆಂದು ಅಂಕಿ ಸಮೇತ ಯೋಜನೆ ಮುಂದಿಟ್ಟರು. ಸೋತ ರಾಜ್ಯಗಳು ಯುದ್ಧದಲ್ಲಿ ಗೆದ್ದುಕೊಂಡ ಪರನಾಡಿನಂತೆ, ಅಲ್ಲಿ ಅಂತರರಾಷ್ಟ್ರೀಯ ಯುದ್ಧ ನಿಯಮವೇ ಅನ್ವಯಿಸುತ್ತದೆ ಎಂಬುದು ಅವರ ಕಾನೂನಿನ ಆಧಾರ. ಉಳುವವನಿಗೆ ಹೊಲವಿಲ್ಲದಿದ್ದರೆ ಅವನ ಮತವೂ ಒಡೆಯನ ಕೈಯಲ್ಲೇ ಉಳಿಯುತ್ತದೆ ಎಂಬುದು ಅವರ ತರ್ಕದ ಬುಡ. ಗುಲಾಮಗಿರಿಯನ್ನು ವಿರೋಧಿಸಿದ ಉತ್ತರದ ಆಸ್ತಿವಂತರೂ ಆಸ್ತಿಯ ಜಪ್ತಿ ಎಂದೊಡನೆ ಮುಖ ತಿರುಗಿಸಿದರು. 1867ರ ಮಾರ್ಚ್‌ನಲ್ಲಿ ಮತ್ತೆ ಮಸೂದೆ ತಂದರೂ ಅದು ಮುಂದೆ ಸಾಗಲಿಲ್ಲ. ದಕ್ಷಿಣದ ಹತ್ತು ರಾಜ್ಯಗಳನ್ನು ಐದು ಸೇನಾ ಜಿಲ್ಲೆಗಳಾಗಿ ಮಾಡಿ, ಕಪ್ಪುಜನರೂ ಮತ ಹಾಕಿ ಹೊಸ ರಾಜ್ಯ ಸಂವಿಧಾನ ಬರೆಯಬೇಕೆಂಬ ಕಾಯಿದೆ ಅದೇ ತಿಂಗಳು ಅಧ್ಯಕ್ಷರ ನಿರಾಕರಣೆಯನ್ನು ಮೀರಿ ಬಂತು. ಮತ ಸಿಕ್ಕಿತು, ನೆಲ ಸಿಗಲಿಲ್ಲ.

ಮಹಾಭಿಯೋಗದಲ್ಲಿ ದ್ವೇಷವಿತ್ತೇ? ಇತ್ತು. ಜಾನ್ಸನ್ ಅವರನ್ನು ಸ್ಟೀವನ್ಸ್ ಕಂಡರಾಗದಷ್ಟು ದ್ವೇಷಿಸುತ್ತಿದ್ದರು, ಅದು ಎರಡೂ ಕಡೆಯಿಂದ ಇತ್ತು. ಆದರೆ ಅದನ್ನು ‘ಬರೀ ದ್ವೇಷ’ ಎನ್ನುವುದು ಅದರೊಳಗಿನ ನಿಜವಾದ ಕಾನೂನು ಪ್ರಶ್ನೆಯನ್ನು ಮರೆಮಾಚುತ್ತದೆ. ನಮ್ಮ 61ನೇ ವಿಧಿ ರಾಷ್ಟ್ರಪತಿಗಳ ಮಹಾಭಿಯೋಗಕ್ಕೆ ‘ಸಂವಿಧಾನದ ಉಲ್ಲಂಘನೆ’ ಎಂಬ ಒಂದೇ ಕಾರಣವನ್ನು ಇಟ್ಟಿದೆ. ಅಮೆರಿಕದಲ್ಲಿ ದೇಶದ್ರೋಹ, ಲಂಚ ಮತ್ತು ಇತರ ದೊಡ್ಡ ಅಪರಾಧಗಳು, ದುರ್ನಡತೆಗಳು ಎಂಬ ಮಾತಿದೆ. ಇದಕ್ಕೆ ಶಿಕ್ಷಾರ್ಹ ಅಪರಾಧವೇ ನಡೆದಿರಬೇಕೇ, ಅಥವಾ ಹುದ್ದೆಯ ದುರ್ಬಳಕೆ ಸಾಕೇ? ಹುದ್ದೆಯಿಂದ ಇಳಿಸುವುದು ರಾಜಕೀಯ ಪರಿಹಾರವೇ ಹೊರತು ಶಿಕ್ಷೆಯಲ್ಲ, ಆದ್ದರಿಂದ ದುರ್ಬಳಕೆ ಸಾಕು ಎಂಬುದು ಸ್ಟೀವನ್ಸ್ ನಿಲುವು. ಬಹುಮತಕ್ಕೆ ಅಷ್ಟು ಧೈರ್ಯವಿರಲಿಲ್ಲ. ಅದು ಸೆನೆಟ್ಟಿನ ಒಪ್ಪಿಗೆಯಿಲ್ಲದೆ ಕೆಲವು ಅಧಿಕಾರಿಗಳನ್ನು ತೆಗೆಯಬಾರದೆಂಬ 1867ರ ಕಾಯಿದೆಯ ಉಲ್ಲಂಘನೆಯನ್ನು ಆಧಾರ ಮಾಡಿಕೊಂಡಿತು. 1868ರ ಫೆಬ್ರವರಿಯಲ್ಲಿ ಜಾನ್ಸನ್ ಯುದ್ಧ ಕಾರ್ಯದರ್ಶಿ ಸ್ಟ್ಯಾಂಟನ್ ಅವರನ್ನು ತೆಗೆದದ್ದೇ ತಡ, ಮೂರು ದಿನಗಳಲ್ಲಿ 126ಕ್ಕೆ 47 ಮತಗಳಿಂದ ಮಹಾಭಿಯೋಗ ಅಂಗೀಕಾರವಾಯಿತು.

ಆ ಆಧಾರ ಎಷ್ಟು ಸಡಿಲವೆಂದು ಸ್ಟೀವನ್ಸ್ ಬಲ್ಲವರಾಗಿದ್ದರು. ಸಚಿವರಿಗೆ ಆ ಕಾಯಿದೆ ಕೊಟ್ಟ ರಕ್ಷಣೆ ಅವರನ್ನು ನೇಮಿಸಿದ ಅಧ್ಯಕ್ಷರ ಅವಧಿಗೆ ಮತ್ತು ಅದರ ಮೇಲಿನ ಒಂದು ತಿಂಗಳಿಗೆ ಮಾತ್ರ. ಸ್ಟ್ಯಾಂಟನ್ ಅವರನ್ನು ನೇಮಿಸಿದವರಾದರೋ ಜಾನ್ಸನ್ ಅವರಿಗಿಂತ ಮೊದಲು ಅಧ್ಯಕ್ಷರಾಗಿದ್ದ ಲಿಂಕನ್. ಅದಕ್ಕಾಗಿಯೇ ಜಾನ್ಸನ್ ಅವರ ಹಲವು ನಡೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟುವ ಹನ್ನೊಂದನೇ ಆರೋಪವನ್ನು ಸೇರಿಸಲು ಅವರು ಪಟ್ಟುಹಿಡಿದರು, ಸೆನೆಟ್ ಮೊದಲು ಮತಕ್ಕೆ ಹಾಕಿದ್ದೂ ಅದನ್ನೇ. ಆ ವೇಳೆಗೆ ಅವರಿಗೆ ನಡೆಯುವ ಶಕ್ತಿಯೂ ಇರಲಿಲ್ಲ, ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ನೀವಿಬ್ಬರೂ ಸತ್ತ ಮೇಲೆ ನನ್ನನ್ನು ಹೊರುವವರು ಯಾರಪ್ಪಾ ಎಂದು ಹೊರುತ್ತಿದ್ದ ಹುಡುಗರನ್ನು ಕೇಳಿದರಂತೆ. ಸೆನೆಟ್‌ನಲ್ಲಿ ಅವರ ವಾದದ ಕೊನೆಯ ಭಾಗವನ್ನು ಬೆಂಜಮಿನ್ ಬಟ್ಲರ್ ಓದಬೇಕಾಯಿತು. ಮೇ 16ರಂದು 35ಕ್ಕೆ 19 ಮತ ಬಿದ್ದು, ಬೇಕಿದ್ದ ಮೂರನೇ ಎರಡರಷ್ಟು ಬಹುಮತಕ್ಕೆ ಒಂದು ಮತದ ಕೊರತೆಯಾಗಿ ಜಾನ್ಸನ್ ಉಳಿದುಕೊಂಡರು. ಆ ಕಾಯಿದೆ 1887ರಲ್ಲಿ ರದ್ದಾಯಿತು. ಅದು ಅಸಾಂವಿಧಾನಿಕವೇ ಆಗಿತ್ತೆಂಬ ಅಭಿಪ್ರಾಯ 1926ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ನನ್ನ ಮಟ್ಟಿಗೆ, ಸ್ಟೀವನ್ಸ್ ಬಯಸಿದ ನೇರ ವಾದ ಸೋಲಬಹುದಿತ್ತು, ಆದರೆ ಆ ಸೋಲು ಪ್ರಾಮಾಣಿಕವಾದದ್ದಾಗಿರುತ್ತಿತ್ತು.

1868ರ ಆಗಸ್ಟ್ 11ರ ರಾತ್ರಿ ಅವರು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ಸಂಸತ್ ಭವನದ ಗುಮ್ಮಟದ ಕೆಳಗೆ ಇರಿಸಿದ್ದ ಅವರ ಪಾರ್ಥಿವ ಶರೀರಕ್ಕೆ ಕಪ್ಪು ಸೈನಿಕರು ಕಾವಲು ನಿಂತರು. ಬಿಳಿಯರಿಗೆ ಮಾತ್ರ ಎಂಬ ನಿಯಮವಿದ್ದ ಸ್ಮಶಾನಗಳನ್ನು ತಿರಸ್ಕರಿಸಿ ಲ್ಯಾಂಕಾಸ್ಟರ್‌ನ ಒಂದು ಚಿಕ್ಕ ಸ್ಮಶಾನವನ್ನು ಅವರು ಮೊದಲೇ ಆರಿಸಿಕೊಂಡಿದ್ದರು, ಅದರ ಕಾರಣವನ್ನು ಗೋರಿಯ ಕಲ್ಲಿನ ಮೇಲೆ ತಾವೇ ಬರೆಸಿಕೊಂಡರು. ಅನಾಥಾಲಯಕ್ಕೆಂದು ಉಯಿಲಿನಲ್ಲಿ ಹಣ ಬಿಡುವಾಗಲೂ ಮಕ್ಕಳನ್ನು ಸೇರಿಸಿಕೊಳ್ಳುವಲ್ಲಿ ಬಣ್ಣದ ಭೇದ ಕೂಡದು ಎಂದಷ್ಟೇ ಬರೆದು ನಿಲ್ಲಿಸದೆ, ಎಲ್ಲರೂ ಒಂದೇ ತರಗತಿಯಲ್ಲಿ ಓದಬೇಕು, ಒಂದೇ ಮೇಜಿನಲ್ಲಿ ಉಣ್ಣಬೇಕು ಎಂದು ಬಿಡಿಸಿ ಬರೆದರು. ಪಂಕ್ತಿಭೇದವನ್ನು ಕಂಡ ನಾಡಿನ ನಮಗೆ ಈ ಷರತ್ತಿನ ತೂಕವನ್ನು ವಿವರಿಸಬೇಕಿಲ್ಲ.

ಪ್ರಬಂಧದ ದೃಷ್ಟಿಯಿಂದ ಕೊನೆಯದಾಗಿ ಎರಡು ಸೂಚನೆಗಳು. ನಮ್ಮ 14ನೇ ವಿಧಿಯಲ್ಲಿರುವ ‘ಕಾನೂನಿನ ಮುಂದೆ ಸಮಾನತೆ’ ಬ್ರಿಟಿಷ್ ಪರಂಪರೆಯದು, ‘ಕಾನೂನುಗಳ ಸಮಾನ ರಕ್ಷಣೆ’ ಹದಿನಾಲ್ಕನೇ ತಿದ್ದುಪಡಿಯಿಂದ ಬಂದದ್ದು. ಎರಡನೆಯದರ ಕರ್ತೃ ಎಂದು ಬಿಂಗ್‌ಹ್ಯಾಮ್ ಅವರನ್ನೂ, ಅದನ್ನು ಸದನದಲ್ಲಿ ಮಂಡಿಸಿ ದಾಟಿಸಿದವರೆಂದು ಸ್ಟೀವನ್ಸ್ ಅವರನ್ನೂ ಹೆಸರಿಸಿ. ಅದೇ ತಿದ್ದುಪಡಿಯಲ್ಲಿರುವ ‘ಡ್ಯೂ ಪ್ರಾಸೆಸ್’ (ನ್ಯಾಯೋಚಿತ ಕಾನೂನು ಪ್ರಕ್ರಿಯೆ) ಎಂಬ ಮಾತು ನಮ್ಮ 21ನೇ ವಿಧಿಗೆ ಏಕೆ ಬರಲಿಲ್ಲ ಎಂಬುದನ್ನೂ ಒಂದು ಪ್ಯಾರಾದಲ್ಲಿ ಸೇರಿಸಿಕೊಳ್ಳಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗ ರಾವ್ ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಆ ಮಾತು ಶಾಸನಸಭೆಯ ಮೇಲೆ ನ್ಯಾಯಾಲಯಗಳಿಗೆ ಮಿತಿಮೀರಿದ ಅಧಿಕಾರ ಕೊಡುತ್ತದೆ ಎಂಬ ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ ಅದನ್ನು ಕೈಬಿಡಲು ಒಂದು ಮುಖ್ಯ ಕಾರಣವಾಯಿತು.